ಟೋಪಿ ತೊಟ್ಟ ಕ್ರಿಸ್‌ಮಸ್ ಮರ

ನಮ್ಮಲ್ಲಿ ‘ವೆಸ್ಟರ್ನ್’ ಅಂದರೆ ಪ್ಯಾಂಟು, ಶರ್ಟು, ಇಲ್ಲವೇ ಕಮೋಡು. ಟೆಕ್ಸಾಸ್‌ನಲ್ಲಿ ಹಾಗಲ್ಲ. ಇಲ್ಲಿಗೆ ಬಂದ ಮೊದಲ ಡಿಸೆಂಬರ್‌ನಲ್ಲಿ ಪಕ್ಕದ ಮನೆಯವರು ‘ವೆಸ್ಟರ್ನ್ ಕ್ರಿಸ್‌ಮಸ್’ಗೆ ಬನ್ನಿ ಎಂದು ಊಟಕ್ಕೆ ಕರೆದಿದ್ದರು. ನಮ್ಮ ಯಜಮಾನರು ಕೋಟು ಹಾಕಿ, ಟೈ ಕಟ್ಟಿಕೊಂಡು ಹೊರಟರು. ಹೋಗಿ ನೋಡಿದರೆ ಎಲ್ಲರೂ ಜೀನ್ಸ್, ಚರ್ಮದ ಬೂಟು, ಅಗಲ ಅಂಚಿನ ಟೋಪಿಯಲ್ಲಿ! ಇಡೀ ಮನೆಯಲ್ಲಿ ಟೈ ಕಟ್ಟಿದ್ದವರು ಇವರೊಬ್ಬರೇ. ಮೂಲೆಯಲ್ಲಿದ್ದ ಕ್ರಿಸ್‌ಮಸ್ ಮರದ ತಲೆಯ ಮೇಲೂ ಒಂದು ಟೋಪಿ ಇತ್ತು.

ಇಲ್ಲಿ ವೆಸ್ಟರ್ನ್ ಅಂದರೆ ಅಮೆರಿಕದ ಪಶ್ಚಿಮ ಸೀಮೆ, ಅಂದರೆ ದನ, ಕುದುರೆ, ಕೌಬಾಯ್‌ಗಳ ಸೀಮೆ. ಆ ರೀತಿಯ ಮರವನ್ನು ಅವತ್ತಿನಿಂದ ನಾವೂ ಪ್ರತಿ ವರ್ಷ ಮಾಡುತ್ತಿದ್ದೇವೆ. ಮೂರ್ನಾಲ್ಕು ಸಲ ಕೆಡಿಸಿದ ಮೇಲೆ ಸರಿಯಾಗಿ ಬಂತು. ಅಂಗಡಿಯಲ್ಲಿ ‘ಕೌಬಾಯ್ ಸೆಟ್’ ಎಂದು ಡಬ್ಬಿಯಲ್ಲಿ ಸಿಗುವ ಹೊಳೆಯುವ ಪ್ಲಾಸ್ಟಿಕ್ ಬೂಟು, ಪಿಸ್ತೂಲುಗಳನ್ನು ಮಾತ್ರ ತರಬೇಡಿ. ದುಡಿದು ಸವೆದ ಸಾಮಾನು ನಾಲ್ಕು ಇದ್ದರೂ ಸಾಕು, ಮರಕ್ಕೆ ಕಳೆ ಬರುತ್ತದೆ.

ಮೊದಲು ಅಳತೆ

ಮರ ಇಡುವ ಜಾಗದ ಎತ್ತರ ಅಳೆಯಿರಿ. ಸೂರು 8 ಅಡಿ ಇದ್ದರೆ 7 ಅಡಿಗಿಂತ ಎತ್ತರದ ಮರ ಬೇಡ. ಕೆಳಗೆ ಸ್ಟ್ಯಾಂಡ್, ಮೇಲೆ ಟೋಪಿ, ಎರಡಕ್ಕೂ ಜಾಗ ಬೇಕಲ್ವಾ? ಅಗಲವನ್ನೂ ನೋಡಿ. ತೋಟದ ಬಯಲಿನಲ್ಲಿ ಪುಟ್ಟದಾಗಿ ಕಾಣುವ ಮರ ಹಾಲ್‌ಗೆ ಬಂದ ಕೂಡಲೇ ಮದುವೆಗೆ ಬಂದ ನೆಂಟರ ಥರ ಜಾಗವೆಲ್ಲ ಹಿಡಿದುಬಿಡುತ್ತದೆ. ಹೀಟರ್, ಬೆಂಕಿಗೂಡು, ಯಾವುದೇ ಬಿಸಿ ಸಾಮಾನಿನಿಂದ ಕನಿಷ್ಠ 3 ಅಡಿ ದೂರವಿರಲಿ.

ಯಾವ ಮರ?

ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಕುದುರೆಯ ಲಾಳ, ಹಗ್ಗದಂಥ ವೆಸ್ಟರ್ನ್ ಅಲಂಕಾರದ ಸಾಮಾನು ಭಾರ. ಗಾಜಿನ ಗುಂಡುಗಳಂತಲ್ಲ. ಆದ್ದರಿಂದ ಕೊಂಬೆ ಗಟ್ಟಿಯಾಗಿರಬೇಕು, ನಡುನಡುವೆ ಸಂದಿ ಇರಬೇಕು.

ನನ್ನ ಮೊದಲ ಆಯ್ಕೆ ನೋಬಲ್ ಫರ್. ಫರ್ ಅಂದರೆ ಸೂಜಿಯಂಥ ಎಲೆಯ, ತಂಪು ಸೀಮೆಯ ಮರ. ಆರೆಗಾನ್, ವಾಷಿಂಗ್ಟನ್ ರಾಜ್ಯಗಳಲ್ಲಿ ಬೆಳೆಯುವ ಈ ಮರ ಹುಟ್ಟಿನಿಂದಲೇ ಪಶ್ಚಿಮದ್ದು. ಕೊಂಬೆಗಳು ಅಂತಸ್ತು ಅಂತಸ್ತಾಗಿ, ನೇರವಾಗಿ ಚಾಚಿಕೊಂಡಿರುತ್ತವೆ. ಲಾಳ ನೇತು ಹಾಕಿದರೂ ಬಗ್ಗುವುದು ಕಡಿಮೆ. ಬೆಲೆ ಮಾತ್ರ ಉಳಿದವಕ್ಕಿಂತ ಜಾಸ್ತಿ. ನಾರ್ತ್ ಕೆರೊಲಿನಾದಿಂದ ಬರುವ ಫ್ರೇಸರ್ ಫರ್ ಕೂಡ ಚೆನ್ನಾಗಿರುತ್ತದೆ, ಒಳ್ಳೆಯ ಘಮ. ಆದರೆ ಅದು ಒತ್ತೊತ್ತಾಗಿ ಬೆಳೆದಿರುವುದರಿಂದ ಹಗ್ಗ ಸುತ್ತಿದರೆ ಒಳಗೇ ಹೂತುಹೋಗುತ್ತದೆ. ಡಗ್ಲಸ್ ಫರ್ ನೋಡಲು ಚೆಂದ, ಕೊಂಬೆ ಮೆತ್ತಗೆ.

ಟೆಕ್ಸಾಸ್‌ನ ತೋಟಗಳಲ್ಲಿ ನೀವೇ ಗರಗಸ ಹಿಡಿದು ಕತ್ತರಿಸಿಕೊಳ್ಳುವ ಮರಗಳು ಬೇರೆ. ಇಲ್ಲಿನ ಬಿಸಿಲಿಗೆ ಫರ್ ನಿಲ್ಲುವುದಿಲ್ಲ. ವರ್ಜೀನಿಯಾ ಪೈನ್, ಲೇಲ್ಯಾಂಡ್ ಸೈಪ್ರೆಸ್, ನೀಲಿ ಬೂದಿ ಬಣ್ಣದ ಅರಿಜೋನಾ ಸೈಪ್ರೆಸ್ ಸಿಗುತ್ತವೆ. ಅರಿಜೋನಾ ಸೈಪ್ರೆಸ್‌ನ ಬಣ್ಣಕ್ಕೆ ಕೆಂಪು ಬಟ್ಟೆ ತುಂಬ ಒಪ್ಪುತ್ತದೆ.

ಹಳೆಯ ಕಾಲದವರು ಮಾಡಿದಂತೆಯೇ ಮಾಡಬೇಕು ಎನ್ನುವವರು ಸೀಡರ್ ಹುಡುಕಿ. ಜರ್ಮನಿಯಿಂದ ವಲಸೆ ಬಂದವರು ಟೆಕ್ಸಾಸ್‌ನಲ್ಲಿ 1845ರಲ್ಲಿ ನ್ಯೂ ಬ್ರಾನ್‌ಫೆಲ್ಸ್, 1846ರಲ್ಲಿ ಫ್ರೆಡರಿಕ್ಸ್‌ಬರ್ಗ್ ಊರುಗಳನ್ನು ಕಟ್ಟಿದರು. ಮನೆಯೊಳಗೆ ಮರ ನಿಲ್ಲಿಸುವ ಪದ್ಧತಿ ಅವರ ಜೊತೆಗೇ ಬಂತು. ಫರ್ ಎಲ್ಲಿಂದ ತರಬೇಕು? ಗುಡ್ಡದಲ್ಲಿದ್ದ ಸೀಡರ್ ಇತ್ತು. ಹೆಸರಿಗೆ ಸೀಡರ್, ಜಾತಿಯಲ್ಲಿ ಜೂನಿಪರ್. ಉತ್ತರದ ಬಯಲಿನಲ್ಲಿ ಬೆಳೆಯುವ ರೆಡ್ ಸೀಡರ್‌ನ ಕಟ್ಟಿಗೆಯಿಂದ ಒಂದು ಕಾಲದಲ್ಲಿ ಪೆನ್ಸಿಲ್ ಮಾಡುತ್ತಿದ್ದರು. ಕತ್ತರಿಸಿದಾಗ ಥೇಟ್ ಶಾಲೆಯ ಪೆನ್ಸಿಲ್ ಕೆತ್ತಿದ ವಾಸನೆ! ಆದರೆ ಎಳೆ ಎಲೆ ಚುಚ್ಚುತ್ತದೆ, ಕೊಂಬೆ ಭಾರ ತಡೆಯುವುದಿಲ್ಲ. ಬಟ್ಟೆ ಮತ್ತು ದೀಪಕ್ಕಷ್ಟೇ ಸರಿ.

ಆಸ್ಟಿನ್ ಕಡೆಯವರಿಗೆ ಒಂದು ಎಚ್ಚರಿಕೆ. ಅಲ್ಲಿನ ಗುಡ್ಡಗಳ ಸೀಡರ್, ಅಂದರೆ ಆ್ಯಶ್ ಜೂನಿಪರ್, ಡಿಸೆಂಬರ್, ಜನವರಿಯಲ್ಲಿ ಪರಾಗ ಉದುರಿಸುತ್ತದೆ. ಮೂಗು ಸೋರಿ, ಕಣ್ಣು ಉರಿದು ಜನ ಹೈರಾಣಾಗುತ್ತಾರೆ. ಅದಕ್ಕೆ ‘ಸೀಡರ್ ಫೀವರ್’ ಎಂದೇ ಹೆಸರು. ಕೊಂಬೆಯ ತುದಿ ಕಂದು ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಅದು ಗಂಡು ಗಿಡ, ಮನೆಗೆ ತರಬೇಡಿ. ನೀಲಿ ಹಣ್ಣು ಬಿಟ್ಟಿದ್ದರೆ ಹೆಣ್ಣು, ಭಯವಿಲ್ಲ.

ಕೊಲರಾಡೊ, ಮೊಂಟಾನಾ ಕಡೆ ಇರುವವರಿಗೆ ಇನ್ನೊಂದು ಸುಖವಿದೆ. ಅಲ್ಲಿನ ಹಲವು ರಾಷ್ಟ್ರೀಯ ಅರಣ್ಯಗಳಲ್ಲಿ ಪರ್ಮಿಟ್ ತೆಗೆದುಕೊಂಡು ನೀವೇ ಮರ ಕಡಿದುಕೊಳ್ಳಬಹುದು. ಶುಲ್ಕ ಕೆಲವೇ ಡಾಲರ್. ಸಾಮಾನ್ಯವಾಗಿ ಉಳಿಯುವ ಮೋಟು 6 ಇಂಚಿಗಿಂತ ಎತ್ತರ ಇರಬಾರದು. ಉಳಿದ ನಿಯಮ ಅರಣ್ಯದಿಂದ ಅರಣ್ಯಕ್ಕೆ ಬೇರೆ, ಪರ್ಮಿಟ್ ಮೇಲೇ ಬರೆದಿರುತ್ತದೆ. ಮನೆಯಲ್ಲಿ ನಾಲ್ಕನೇ ತರಗತಿಯ ಮಗು ಇದ್ದರೆ ‘ಎವ್ರಿ ಕಿಡ್ ಔಟ್‌ಡೋರ್ಸ್’ ಪಾಸ್ ತೋರಿಸಿ. ಪರ್ಮಿಟ್ ಉಚಿತ, ಆನ್‌ಲೈನ್ ಬುಕಿಂಗ್‌ನ ಸಣ್ಣ ಚಾರ್ಜ್ ಮಾತ್ರ ಬೀಳುತ್ತದೆ.

ಅಂಗಡಿಯಲ್ಲಿ ಕೊಳ್ಳುವುದಾದರೆ ತಾಜಾ ಇದೆಯೇ ನೋಡಲು ಕರಿಬೇವು ಆರಿಸುವ ಕೈ ಸಾಕು. ಕೊಂಬೆಯನ್ನು ಬೆರಳ ನಡುವೆ ಹಿಡಿದು ತುದಿಯ ಕಡೆಗೆ ಎಳೆಯಿರಿ. ಹಸಿರು ಎಲೆ ಕೈಗೆ ಬಂದರೆ ಬಿಟ್ಟುಬಿಡಿ. ಒಳಗಿನ ಒಣ ಎಲೆ ನಾಲ್ಕು ಉದುರಿದರೆ ಪರವಾಗಿಲ್ಲ. ಕಾರಿನ ಮೇಲೆ ಕಟ್ಟುವಾಗ ಬುಡ ಮುಂದಕ್ಕೆ, ತುದಿ ಹಿಂದಕ್ಕೆ. ಉಲ್ಟಾ ಕಟ್ಟಿದರೆ ಗಾಳಿಗೆ ಕೊಂಬೆ ಬಿಚ್ಚಿಕೊಂಡು ಅರ್ಧ ಮರ ಹೈವೇ ಪಾಲು.

ಪ್ಲಾಸ್ಟಿಕ್ ಮರವೇ ಸಾಕು ಎನ್ನುತ್ತೀರಾ? ತಪ್ಪೇನಿಲ್ಲ. ಅದರ ತಂತಿ ಕೊಂಬೆ ಲಾಳವನ್ನು ಇನ್ನೂ ಚೆನ್ನಾಗಿ ಹೊರುತ್ತದೆ.

ನೀರು, ತೊಟ್ಟಿ

ನಿಜವಾದ ಮರವನ್ನು ಮನೆಗೆ ತಂದ ಕೂಡಲೇ ಬುಡದಿಂದ ಅರ್ಧ ಇಂಚಿನಿಂದ ಒಂದಿಂಚು ದಪ್ಪದ ಬಿಲ್ಲೆ ಕತ್ತರಿಸಿ ತೆಗೆಯಿರಿ. ಹಳೆಯ ಕಡಿತದ ಮೇಲೆ ಅಂಟು ಕಟ್ಟಿರುತ್ತದೆ, ನೀರು ಮೇಲಕ್ಕೆ ಏರುವುದಿಲ್ಲ. ಕಾಂಡದ ಅಡ್ಡಳತೆ 4 ಇಂಚು ಇದ್ದರೆ ದಿನಕ್ಕೆ ಸುಮಾರು 4 ಲೀಟರ್ ನೀರು ಬೇಕಾಗಬಹುದು. ಸಕ್ಕರೆ, ಆಸ್ಪಿರಿನ್ ಏನೂ ಹಾಕಬೇಡಿ. ನಲ್ಲಿ ನೀರು ಸಾಕು.

ದನಗಳಿಗೆ ನೀರಿಡುವ ತಗಡಿನ ದುಂಡು ತೊಟ್ಟಿಯೊಳಗೆ ಮರ ನಿಲ್ಲಿಸುವುದು ಇಲ್ಲಿನ ರೂಢಿ. ನಾನು ಮೊದಲ ಸಲ ತೊಟ್ಟಿಗೆ ಕಲ್ಲು ತುಂಬಿ, ಮರ ಸಿಕ್ಕಿಸಿ, ಮೇಲೆ ಗೋಣಿ ಮುಚ್ಚಿದೆ. ಆಹಾ, ಎಷ್ಟು ಚೆಂದ! ಹತ್ತು ದಿನಕ್ಕೆ ಮರ ಬೋಳಾಯಿತು. ನೀರು ಹಾಕುವುದನ್ನೇ ಮರೆತಿದ್ದೆ. ಈಗ ತೊಟ್ಟಿಯೊಳಗೆ ನೀರು ಹಿಡಿಯುವ ಮಾಮೂಲಿ ಸ್ಟ್ಯಾಂಡ್ ಇಡುತ್ತೇನೆ. ಒಂದು ಕಡೆ ಗೋಣಿ ಸರಿಸಿ ಚೊಂಬು ತೂರಿಸುವಷ್ಟು ಸಂದಿ ಬಿಡುತ್ತೇನೆ.

ಬುಡಕ್ಕೆ ಹಸುವಿನ ಚರ್ಮ ಹಾಸುವುದೂ ಇಲ್ಲಿ ಸಾಮಾನ್ಯ. ನಮ್ಮ ಮನೆಯಲ್ಲಿ ಅದು ಆಗದ ಮಾತು. ಅಮ್ಮ ಬಂದಿದ್ದ ವರ್ಷವಂತೂ ಕೇಳಲೇಬೇಡಿ. ಗೋಣಿತಾಟು ಅಥವಾ ಕುದುರೆಯ ಜೀನಿನ ಕೆಳಗೆ ಹಾಕುವ ಪಟ್ಟೆ ಪಟ್ಟೆ ಕಂಬಳಿ ಇನ್ನೂ ಚೆನ್ನಾಗಿ ಕಾಣುತ್ತದೆ.

ದೀಪ

ದೀಪ ಎಲ್ಲಕ್ಕಿಂತ ಮೊದಲು. ಮರದ ಪ್ರತಿ ಅಡಿ ಎತ್ತರಕ್ಕೆ 100 ಬಲ್ಬ್ ಎನ್ನುವುದು ಇಲ್ಲಿನ ಲೆಕ್ಕ. ವೆಸ್ಟರ್ನ್ ಮರಕ್ಕೆ ಅಷ್ಟು ಬೇಡ. 7 ಅಡಿ ಮರಕ್ಕೆ 400 ಸಾಕು. ಹಳದಿ ಛಾಯೆಯ ಎಲ್‌ಇಡಿ ಇರಲಿ. ನೀಲಿ ಬಿಳುಪಿನದು ಬೇಡ, ಆಸ್ಪತ್ರೆಯಂತೆ ಕಾಣುತ್ತದೆ. ಮಿಣಮಿಣ ಮಿನುಗುವುದೂ ಬೇಡ. ಲಾಟೀನು ತೂಗು ಹಾಕುವ ಆಸೆ ಇದ್ದರೆ ಬ್ಯಾಟರಿಯದೇ ತನ್ನಿ.

ಹಗ್ಗ

ಮಿಂಚುವ ಜರಿ ಮಾಲೆಯ ಬದಲು ಹಗ್ಗ. ಮರಕ್ಕೆ ನಿಜವಾದ ವೆಸ್ಟರ್ನ್ ಗತ್ತು ಬರುವುದೇ ಇದರಿಂದ. ದನ ಹಿಡಿಯಲು ಬೀಸುವ ಈ ಹಗ್ಗಕ್ಕೆ ಲ್ಯಾರಿಯಟ್ ಎಂದು ಹೆಸರು. ಸ್ಪ್ಯಾನಿಷ್‌ನ ‘ಲಾ ರೆಯಾಟಾ’ ಕೌಬಾಯ್‌ಗಳ ಬಾಯಲ್ಲಿ ಹೀಗಾಯಿತು. ಹಗ್ಗದ ತುದಿಯ ಕಣ್ಣಿಗೆ ‘ಹೋಂಡಾ’ ಎನ್ನುತ್ತಾರೆ. ನಮ್ಮ ಆಕ್ಟಿವಾಗೂ ಅದಕ್ಕೂ ಸಂಬಂಧವಿಲ್ಲ!

ಹೊಸ ಹಗ್ಗ ತರಬೇಡಿ. ಅದು ಸ್ಪ್ರಿಂಗಿನ ಥರ ಮರದಿಂದ ಎದ್ದು ನಿಲ್ಲುತ್ತದೆ. ಬಳಸಿ ಮೆತ್ತಗಾದ ಹಳೆಯ ಹಗ್ಗವನ್ನು ರೋಡಿಯೊ (ದನ ಹಿಡಿಯುವ, ಕುದುರೆ ಪಳಗಿಸುವ ಪಂದ್ಯ) ಆಡುವವರು ಅಗ್ಗಕ್ಕೆ ಮಾರುತ್ತಾರೆ. ದನದ ಕೊಂಬಿಗೆ ಎಸೆಯುವ ಹಗ್ಗ ಸುಮಾರು 30 ಅಡಿ, ಹಿಂಗಾಲಿಗೆ ಎಸೆಯುವುದು 35. ಎರಡನ್ನೂ ಸೇರಿಸಿದರೆ 7 ಅಡಿ ಮರಕ್ಕೆ ಸರಿಹೋಗುತ್ತದೆ. ತುದಿಯಿಂದ ಶುರು ಮಾಡಿ ಕೆಳಗೆ ಇಳಿಯುತ್ತಾ ಸುತ್ತಿ. ಸುತ್ತಿನ ನಡುವೆ ಒಂದಡಿ ಬಿಡಿ. ಎಳೆದು ಬಿಗಿಯಬೇಡಿ, ಕೊಂಬೆಯಿಂದ ಕೊಂಬೆಗೆ ಸ್ವಲ್ಪ ಜೋತು ಬೀಳಲಿ. ಹೋಂಡಾ ಇರುವ ತುದಿ ಮುಂಭಾಗದಲ್ಲಿ, ಕಣ್ಣಿಗೆ ಕಾಣುವಂತೆ ಇರಲಿ. ಇಷ್ಟು ಕಷ್ಟ ಬೇಡವೆಂದರೆ ಸೆಣಬಿನ ಹುರಿ ನಡೆಯುತ್ತದೆ.

ಮುಳ್ಳುತಂತಿ ಸುತ್ತುವವರೂ ಇದ್ದಾರೆ. ಜೋಸೆಫ್ ಗ್ಲಿಡನ್ 1874ರಲ್ಲಿ ಪೇಟೆಂಟ್ ಪಡೆದ ಆ ತಂತಿಯೇ ಬಯಲಿಗೆ ಬೇಲಿ ಹಾಕಿ ಹಳೆಯ ಕೌಬಾಯ್ ಬದುಕನ್ನು ಮುಗಿಸಿದ್ದು. ಮರಕ್ಕೆ ಅದನ್ನೇ ಸುತ್ತುವುದು ನನಗೇಕೋ ಹಿಡಿಸುವುದಿಲ್ಲ. ಮಕ್ಕಳಿರುವ ಮನೆಗಂತೂ ಬೇಡವೇ ಬೇಡ.

ಬಂಡಾನಾ

ಕೌಬಾಯ್ ಕುತ್ತಿಗೆಗೆ ಕಟ್ಟುವ ಚೌಕ ವಸ್ತ್ರ. ಈ ಪದವೇ ನಮ್ಮ ಕಡೆಯದು, ಹಿಂದಿಯ ‘ಬಾಂಧ್ನೂ’, ಅಂದರೆ ಗಂಟು ಕಟ್ಟಿ ಬಣ್ಣ ಹಾಕುವುದು. ಅದರ ಮೇಲಿನ ಪೇಸ್ಲಿ ಚಿತ್ತಾರ ನೋಡಿ, ಅಜ್ಜಿಯ ಸೀರೆಯ ಮಾವಿನಕಾಯಿ ಬುಟ್ಟಾ! ಕಾಶ್ಮೀರದ ಶಾಲಿನಿಂದ ಸ್ಕಾಟ್‌ಲೆಂಡಿನ ಪೇಸ್ಲಿ ಊರಿಗೆ ಹೋಗಿ, ಆ ಊರಿನ ಹೆಸರು ಹೊತ್ತುಕೊಂಡು ಅಮೆರಿಕಕ್ಕೆ ಬಂದಿದೆ. ಇದು ಗೊತ್ತಾದ ಮೇಲೆ ನಮ್ಮ ಮರದಲ್ಲಿ ಹಳೆಯ ಸೀರೆಯ ತುಂಡುಗಳೂ ಸೇರಿಕೊಂಡವು. ಅತಿಥಿಗಳಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಒಂದು ಡಜನ್ ಹತ್ತಿಯ ಬಂಡಾನಾ ತನ್ನಿ, ಎಂಟು ಕೆಂಪು, ನಾಲ್ಕು ನೀಲಿ. ಮೊದಲು ಒಗೆಯಿರಿ, ಬಣ್ಣ ಬಿಡುತ್ತದೆ. ಆರನ್ನು ಎರಡೆರಡು ಇಂಚಿನ ಪಟ್ಟಿಯಾಗಿ ಹರಿಯಿರಿ. ಕತ್ತರಿ ಬೇಡ, ಕೈಯಲ್ಲೇ ಹರಿದರೆ ಅಂಚಿನ ನೂಲು ಎದ್ದು ಚೆನ್ನಾಗಿ ಕಾಣುತ್ತದೆ. ಪಟ್ಟಿಗಳನ್ನು ಕೊಂಬೆಯ ತುದಿಗೆ ಸಡಿಲವಾಗಿ ಗಂಟು ಹಾಕಿ. ಉಳಿದ ಆರನ್ನು ಮೂಲೆಗೆ ಮೂಲೆ ಮಡಚಿ ಕೊಂಬೆಗಳ ನಡುವೆ ಸಿಕ್ಕಿಸಿ. ಮರದಲ್ಲಿ ಬೋಳು ಜಾಗ ಇದ್ದರೆ ಇದರಲ್ಲೇ ಮುಚ್ಚಿಹೋಗುತ್ತದೆ.

ಲಾಳ ಮತ್ತಿತರ

ಕುದುರೆಗೆ ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಬದಲಿಸುತ್ತಾರೆ. ಹಳೆಯವನ್ನು ಲಾಳ ಕಟ್ಟುವವರ ಹತ್ತಿರ ಕೇಳಿದರೆ ಸುಮ್ನೆ ಕೊಟ್ಟುಬಿಡುತ್ತಾರೆ. ಮೊಳೆ ಉಳಿದಿದೆಯೇ ನೋಡಿ, ತಂತಿ ಬ್ರಷ್‌ನಿಂದ ತಿಕ್ಕಿ. ತುಕ್ಕಿನ ಬಣ್ಣ ಪೂರ್ತಿ ಹೋಗುವುದು ಬೇಡ. ಮೂರು ನಾಲ್ಕು ಸಾಕು. ಕೊಂಬೆಯ ತುದಿಗಲ್ಲ, ಕಾಂಡಕ್ಕೆ ಹತ್ತಿರ, ದಪ್ಪ ತಂತಿಯಲ್ಲಿ ಕಟ್ಟಿ. ನಾನು ತುದಿಗೆ ಕಟ್ಟಿದ್ದು ರಾತ್ರಿ ಜಾರಿ ಬಿದ್ದು ನೆಲದ ಟೈಲ್ ಸೀಳಿತು. ಲಾಳದ ತೆರೆದ ಬಾಯಿ ಮೇಲೆ ಇರಬೇಕು, ಇಲ್ಲದಿದ್ದರೆ ಅದೃಷ್ಟ ಸುರಿದುಹೋಗುತ್ತದೆ ಎಂದು ಇಲ್ಲಿ ಬಹಳ ಜನ ಹೇಳುತ್ತಾರೆ.

ಬಿಳಿ ಬಣ್ಣಕ್ಕೆ ಹಿಮದ ಸ್ಪ್ರೇ ಬೇಡ, ಅರಳಿದ ಹತ್ತಿ ಕಾಯಿ ಸಿಕ್ಕಿಸಿ. ಅಮೆರಿಕದಲ್ಲಿ ಅತಿ ಹೆಚ್ಚು ಹತ್ತಿ ಬೆಳೆಯುವುದು ಟೆಕ್ಸಾಸ್, ಹಾಗಾಗಿ ಹೊರಗಿನ ಸಾಮಾನಲ್ಲ. ನಾನು ಹಾವೇರಿ ಕಡೆಯವಳು. ಮೊದಲ ಸಲ ಇದನ್ನು ಗೊಂಚಲು ಕಟ್ಟಿ ಅಲಂಕಾರಕ್ಕೆ ಮಾರುವುದನ್ನು ನೋಡಿ ನಗು ಬಂತು. ಬಿಡಿಸುವಾಗ ಬೆರಳು ಗೀರಿಸಿಕೊಂಡವರಿಗೆ ಅದು ಹೂವಿನ ಹಾಗೆ ಕಾಣುವುದು ಕಷ್ಟ. ಒಣಗಿದ್ದು ಬೇಗ ಹೊತ್ತಿಕೊಳ್ಳುತ್ತದೆ, ಬಲ್ಬಿಗೆ ತಾಗಿಸಬೇಡಿ.

ಎನಾಮಲ್ ಲೋಟ, ತಗಡಿನ ನಕ್ಷತ್ರ, ಪೈನ್ ಕಾಯಿ, ಮಗುವಿನ ಹಳೆಯ ಬೂಟು, ಮನೆಯಲ್ಲಿ ಏನಿದೆಯೋ ಅದನ್ನು ಸೇರಿಸಿ. ಅರ್ಧ ಕೊಂಬೆ ಖಾಲಿ ಉಳಿಯಲಿ. ಡಲ್ಲಾಸ್ ಸುತ್ತಮುತ್ತ ಇರುವವರು ಒಂದು ಶನಿವಾರ ಫೋರ್ಟ್ ವರ್ತ್‌ನ ಸ್ಟಾಕ್‌ಯಾರ್ಡ್ಸ್‌ಗೆ, ಅಂದರೆ ಹಳೆಯ ದನದ ಸಂತೆಯ ಜಾಗಕ್ಕೆ, ಹೋಗಿ ಬನ್ನಿ. ಉದ್ದ ಕೊಂಬಿನ ದನಗಳನ್ನು ಬೀದಿಯಲ್ಲಿ ಮೆರವಣಿಗೆ ಹೊರಡಿಸುತ್ತಾರೆ, ಅಂಗಡಿಗಳ ತುಂಬ ಇಂಥದೇ ಸಾಮಾನು.

ಕೊನೆಗೆ ಟೋಪಿ

ತುದಿಯ ಕಡ್ಡಿ ಒಂದಕ್ಕೇ ಟೋಪಿ ನಿಲ್ಲುವುದಿಲ್ಲ. ಬಿದಿರು ಕಡ್ಡಿಯೊಂದನ್ನು ಕಾಂಡಕ್ಕೆ ಕಟ್ಟಿ, ಅದರ ಮೇಲೆ ಒಂದು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ ಕವುಚಿ, ಟೋಪಿ ಕೂರಿಸಿ. ಸ್ವಲ್ಪ ವಾರೆಯಾಗಿರಲಿ. ಟೋಪಿ ಇಲ್ಲದವರು ಐದು ಮೂಲೆಯ ಒಂಟಿ ನಕ್ಷತ್ರ ಇಡಿ, ಟೆಕ್ಸಾಸ್ ಬಾವುಟದಲ್ಲಿ 1839ರಿಂದ ಇರುವುದು ಅದೇ.

ಜನವರಿ ಬಂದ ಮೇಲೆ ಮರವನ್ನು ಕಸಕ್ಕೆ ಹಾಕಬೇಡಿ. ಬಹಳ ಊರುಗಳಲ್ಲಿ ಪುಡಿ ಮಾಡಿ ಗಿಡಗಳ ಬುಡಕ್ಕೆ ಹಾಕುತ್ತಾರೆ. ಟೆಕ್ಸಾಸ್‌ನ ಬ್ರಜೋರಿಯಾ ಕೌಂಟಿಯ ಸಮುದ್ರ ತೀರದಲ್ಲಿ ಹಳೆಯ ಮರಗಳನ್ನು ಸಾಲಾಗಿ ಮಲಗಿಸಿ ಮರಳ ದಿಬ್ಬ ಕಟ್ಟುತ್ತಾರೆ. ನಮ್ಮದನ್ನು ಹತ್ತಿರದ ಆಡು ಸಾಕುವವರಿಗೆ ಕೊಡುತ್ತೇವೆ, ಎರಡು ದಿನದಲ್ಲಿ ಬರೀ ಕಾಂಡ ಉಳಿಯುತ್ತದೆ. ಸ್ಪ್ರೇ ಬಣ್ಣ ಹೊಡೆದ ಮರವನ್ನು ಅವರು ತೆಗೆದುಕೊಳ್ಳುವುದಿಲ್ಲ. ಕೊಡುವ ಮೊದಲು ತಂತಿ ಚೂರು, ಕೊಕ್ಕೆ ಎಲ್ಲ ಬಿಚ್ಚಿದ್ದೀರಾ ಎಂದು ಎರಡು ಸಲ ನೋಡಿ. ಆಡಿಗೆ ಅದೆಲ್ಲ ಗೊತ್ತಾಗುವುದಿಲ್ಲ.