ಮೋಟರ್‌ಹೋಮ್‌ಗೆ ಡಿಶ್: ನಾನು ಆರಿಸಿದ ಬಗೆ

ಮೋಟರ್‌ಹೋಮ್‌ಗೆ, ಅಂದರೆ ಮನೆಯಂತೆ ವಾಸಿಸಬಹುದಾದ ಗಾಡಿಗೆ, ಟಿವಿ ಡಿಶ್ ಆರಿಸುವಾಗ ನಾನು ಮೊದಲು ಯೋಚಿಸಿದ್ದು ಗಾಡಿ ಎಂಥ ಜಾಗದಲ್ಲಿ ನಿಲ್ಲುತ್ತದೆ ಎಂದು. ಉಪಗ್ರಹ ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿದ್ದು, ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತಿರುತ್ತದೆ. ಡಿಶ್‌ಗೆ ಅದು ನೇರವಾಗಿ ಕಾಣಬೇಕು. ನಡುವೆ ಎಲೆ ತುಂಬಿದ ಕೊಂಬೆ ಬಂದರೂ ಚಿತ್ರ ಒಡೆಯುತ್ತದೆ, ಎಲೆ ಒದ್ದೆಯಾಗಿದ್ದರಂತೂ ಹೋಗಿಯೇ ಬಿಡುತ್ತದೆ. ಗಾಡಿಗೆ ನೆರಳು ಬೇಕು, ಡಿಶ್‌ಗೆ ಬಯಲು ಬೇಕು. ಚಾವಣಿಯ ಮೇಲೆ ಕೂರಿಸಿದ ಡಿಶ್ ಗಾಡಿಯ ಜೊತೆ ನೆರಳಲ್ಲೇ ಉಳಿಯುತ್ತದೆ. ಅದಕ್ಕೇ ನನ್ನ ಆಯ್ಕೆ ಟ್ರೈಪಾಡ್ ಮೇಲೆ ನಿಲ್ಲಿಸುವ 80 ಸೆಂ.ಮೀ. ಡಿಶ್, ಜೊತೆಗೆ 15 ಮೀಟರ್ ಕೇಬಲ್.

ದಿನಕ್ಕೊಂದು ಊರು ಎಂದು ಓಡಾಡುವವರಿಗೆ ಮಾತ್ರ ಚಾವಣಿಯ ಆಟೋಮ್ಯಾಟಿಕ್ ಡಿಶ್ ನಿಜಕ್ಕೂ ಅನುಕೂಲ. ಗುಂಡಿ ಒತ್ತಿದರೆ ತಾನೇ ಹುಡುಕಿ ನಿಲ್ಲುತ್ತದೆ. ಅಂಥದ್ದನ್ನು ಕೊಳ್ಳುವಾಗ ಇಗ್ನಿಷನ್ ಆನ್ ಆದ ಕೂಡಲೇ ಮಡಚಿಕೊಳ್ಳುವ ವೈರಿಂಗ್ ಇದೆಯೇ, ಎದ್ದು ನಿಂತಾಗ ಸೋಲಾರ್ ಪ್ಯಾನೆಲ್ ಮೇಲೆ ನೆರಳು ಬೀಳುತ್ತದೆಯೇ ಎಂದು ನೋಡಿಕೊಳ್ಳಿ. ಗುಮ್ಮಟದಂತೆ ಮುಚ್ಚಿದ ಮಾದರಿಗಳ ಒಳಗಿನ ಡಿಶ್ ಚಿಕ್ಕದು. ಉಪಗ್ರಹದ ಕಿರಣ ಬಲವಾಗಿರುವ ಕಡೆ ಅದು ಸಾಕು. ಕಿರಣದ ಅಂಚಿನ ಪ್ರದೇಶಕ್ಕೆ ಹೋದರೆ ಸಾಲದು.

ಅಳತೆಯ ಲೆಕ್ಕ ಹೀಗೆ: 60 ಸೆಂ.ಮೀ. ಡಿಶ್‌ಗಿಂತ 80 ಸೆಂ.ಮೀ. ಡಿಶ್‌ನ ವಿಸ್ತೀರ್ಣ ಸುಮಾರು ಒಂದೂ ಮುಕ್ಕಾಲು ಪಟ್ಟು, ಸಿಗ್ನಲ್ ಲಾಭ ಸುಮಾರು 2.5 ಡಿಬಿ (ಡೆಸಿಬೆಲ್). ಮಳೆ ಬಂದಾಗ ಕೈಹಿಡಿಯುವುದು ಇದೇ. ಆದರೆ ಡಿಶ್ ದೊಡ್ಡದಾದಷ್ಟೂ ಅದರ ನೋಟ, ಅಂದರೆ ಸಿಗ್ನಲ್ ಹಿಡಿಯುವ ಕೋನ, ಕಿರಿದಾಗುತ್ತದೆ. 60ಕ್ಕೆ ಸುಮಾರು 3 ಡಿಗ್ರಿ, 80ಕ್ಕೆ ಎರಡಕ್ಕಿಂತ ಸ್ವಲ್ಪ ಹೆಚ್ಚು. ಗುರಿ ಅಷ್ಟೇ ನಿಖರವಾಗಿರಬೇಕು. ಒಂದು ಮೀಟರ್ ದಾಟಿದರೆ ಗಾಳಿಗೆ ತಡೆಯುವುದೂ ಕಷ್ಟ, ಗಾಡಿಯೊಳಗೆ ಇಡಲು ಜಾಗವೂ ಇರುವುದಿಲ್ಲ.

ನಿಲ್ಲಿಸುವಾಗ ಮೊದಲ ಕೆಲಸ ಟ್ರೈಪಾಡ್‌ನ ಕಂಬವನ್ನು ಸ್ಪಿರಿಟ್ ಲೆವೆಲ್ ಇಟ್ಟು ನೆಟ್ಟಗೆ ಮಾಡುವುದು. ಕಂಬ ವಾಲಿದ್ದರೆ ಬ್ರಾಕೆಟ್ ಮೇಲಿನ ಡಿಗ್ರಿ ಗುರುತಿಗೆ ಅರ್ಥವೇ ಇಲ್ಲ. ದಿಕ್ಸೂಚಿಯನ್ನು ಗಾಡಿಯ ಕಬ್ಬಿಣದಿಂದ ನಾಲ್ಕೈದು ಮೀಟರ್ ದೂರ ಹಿಡಿದು ನೋಡಿ. ಸಿಗ್ನಲ್ ಹಿಡಿಯುವ ಭಾಗ ನಡುವಿನ ಬದಲು ಕೆಳಗಿರುವ ಆಫ್‌ಸೆಟ್ ಡಿಶ್‌ನ ನೋಟ ಅದರ ಮುಖಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಿರುತ್ತದೆ, ಹಾಗಾಗಿ ಡಿಶ್ ತೀರಾ ನೆಟ್ಟಗೆ ನಿಂತಂತೆ ಕಂಡರೆ ಗಾಬರಿ ಬೇಡ. ತೋಳಿನ ತುದಿಯಲ್ಲಿದ್ದು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯನ್ನು ಬೇಕಾದ ಸ್ಕ್ಯೂ ಕೋನಕ್ಕೆ, ಅಂದರೆ ಬೇಕಾದಷ್ಟು ಓರೆಗೆ, ತಿರುಗಿಸಿ. ಆಮೇಲೆ ಡಿಶ್ ಅನ್ನು ಒಂದೊಂದು ಡಿಗ್ರಿ ಸರಿಸಿ, ಪ್ರತಿ ಸಲ ಮೂರು ಸೆಕೆಂಡ್ ಕಾಯಿರಿ. ಸೆಟ್‌ಟಾಪ್ ಬಾಕ್ಸ್‌ಗೆ ಸಿಗ್ನಲ್ ಹಿಡಿಯಲು ಆ ಹೊತ್ತು ಬೇಕು, ಬೀಸಿ ತಿರುಗಿಸಿದರೆ ಉಪಗ್ರಹವನ್ನು ದಾಟಿ ಹೋಗಿರುತ್ತೀರಿ. ನೋಡಬೇಕಾದದ್ದು ಸಿಗ್ನಲ್ ಕ್ವಾಲಿಟಿ. ಸ್ಟ್ರೆಂತ್ ತುಂಬಿದ್ದು ಕ್ವಾಲಿಟಿ ಸೊನ್ನೆ ಇದ್ದರೆ ಸಾಮಾನ್ಯವಾಗಿ ಡಿಶ್ ಬೇರೆ ಉಪಗ್ರಹವನ್ನು ನೋಡುತ್ತಿದೆ. ನಟ್ ಬಿಗಿ ಮಾಡುವಾಗ ಡಿಶ್ ಕೂದಲೆಳೆಯಷ್ಟು ಅಲುಗುತ್ತದೆ, ಆದ್ದರಿಂದ ಕಣ್ಣು ಮೀಟರ್ ಮೇಲೆಯೇ ಇರಲಿ. ಕೊನೆಗೆ ಟ್ರೈಪಾಡ್ ನಡುವೆ 10 ಲೀಟರ್ ನೀರಿನ ಕ್ಯಾನ್ ತೂಗುಹಾಕಿದರೆ ಗಾಳಿಗೆ ಮಗುಚುವುದಿಲ್ಲ.

ಡಿಶ್ ಸರಿಯಿದ್ದೂ ಚಿತ್ರ ಬಾರದಿದ್ದರೆ ನಾನು ಮೊದಲು ಬಿಚ್ಚುವುದು ಕೇಬಲ್ ತುದಿಯ ಎಫ್ ಕನೆಕ್ಟರ್. ಕೇಬಲ್ ಸುಲಿದಾಗ ಹೊರಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದ್ದರೂ ಸಾಕು, ಎಲ್‌ಎನ್‌ಬಿಗೆ ಹೋಗುವ ವಿದ್ಯುತ್ ಶಾರ್ಟ್ ಆಗುತ್ತದೆ. ಬೆಳಕಿಗೆ ಹಿಡಿದರೆ ಬಿಳಿ ನಿರೋಧಕದ ಮೇಲೆ ಅಡ್ಡ ಬಿದ್ದ ಆ ಸಣ್ಣ ಎಳೆ ಮಿನುಗುತ್ತದೆ. ಎಳೆಗಳನ್ನೆಲ್ಲ ಹಿಂದಕ್ಕೆ ಮಡಚಿ, ನಡುವಿನ ತಂತಿ ನಟ್‌ನ ಅಂಚಿನಿಂದ ಸುಮಾರು 2 ಮಿ.ಮೀ. ಹೊರಗಿರುವಂತೆ ಕತ್ತರಿಸಿ. ಅರ್ಧ ಚಾನೆಲ್‌ಗಳು ಮಾತ್ರ ಬರುತ್ತಿದ್ದರೆ ಕಾರಣ ಬೇರೆ. ಚಾನೆಲ್‌ಗಳ ಸಿಗ್ನಲ್ ಲಂಬ, ಅಡ್ಡ ಎಂಬ ಎರಡು ಧ್ರುವೀಕರಣದಲ್ಲಿ (ತರಂಗ ಕಂಪಿಸುವ ದಿಕ್ಕು) ಬರುತ್ತದೆ. ಬಾಕ್ಸ್ ಎಲ್‌ಎನ್‌ಬಿಗೆ 13 ವೋಲ್ಟ್ ಕಳಿಸಿದರೆ ಲಂಬ ಧ್ರುವೀಕರಣ, 18 ಕಳಿಸಿದರೆ ಅಡ್ಡ. 18 ವೋಲ್ಟ್ ಎಲ್‌ಎನ್‌ಬಿಗೆ ತಲುಪದಿದ್ದರೆ ಅಡ್ಡ ಧ್ರುವೀಕರಣದ ಚಾನೆಲ್‌ಗಳು ಬರುವುದೇ ಇಲ್ಲ.

ಕೇಬಲ್ 75 ಓಮ್‌ನ ಆರ್‌ಜಿ6 ಇರಲಿ. ಕಿಟಕಿ ಸಂದಿಯಲ್ಲಿ ಒತ್ತಿ ತರಬೇಡಿ, ಜಜ್ಜಿದ ಕಡೆ ಸಿಗ್ನಲ್ ಸೋರುತ್ತದೆ. ಗೋಡೆಗೆ ಮುಚ್ಚಳವಿರುವ ಹೊರ ಸಾಕೆಟ್ ಹಾಕಿಸಿ. 12 ವೋಲ್ಟ್ ಬಾಕ್ಸನ್ನು ಬ್ಯಾಟರಿಗೆ ನೇರ ಜೋಡಿಸುವುದೂ ತಪ್ಪು. ಚಾರ್ಜ್ ಆಗುವಾಗ ಬ್ಯಾಟರಿ 14.4 ವೋಲ್ಟ್‌ವರೆಗೆ ಏರುತ್ತದೆ, ನಡುವೆ 12 ವೋಲ್ಟ್ ಸ್ಟೆಬಿಲೈಸರ್ ಬೇಕು.

ಸರಿಹೊಂದಿದ ಎತ್ತರದ ಕೋನಕ್ಕೆ ಬ್ರಾಕೆಟ್ ಮೇಲೆ ಪೇಂಟ್ ಪೆನ್ನಿಂದ ಗೀಟು ಎಳೆದಿಡಿ. ಉತ್ತರಕ್ಕೋ ದಕ್ಷಿಣಕ್ಕೋ 100 ಕಿ.ಮೀ. ಹೋದರೆ ಆ ಕೋನ ಹೆಚ್ಚುಕಡಿಮೆ ಒಂದು ಡಿಗ್ರಿ ಬದಲಾಗುತ್ತದೆ, ಮುಂದಿನ ನಿಲ್ದಾಣದಲ್ಲಿ ಆ ಗೀಟಿನಿಂದಲೇ ಹುಡುಕಲು ಶುರುಮಾಡಬಹುದು.