ಹಪ್ಪಳದ ಬಿಸಿಲು ಲೆಕ್ಕ ಹಾಕ್ಲಿಕ್ಕೆ ಹೋಗಿ ಮೋಡದ ಪುಸ್ತಕ ಬರೆದದ್ದು

ನಮ್ಮ ಮನೆ ಉಡುಪಿಗೂ ಮಲ್ಪೆಗೂ ನಡುವೆ. ಟೆರೇಸಿಗೆ ಹತ್ತಿದ್ರೆ ಪಶ್ಚಿಮಕ್ಕೆ ಎರಡು ತೆಂಗಿನ ಮರದ ಸಂದಿಯಲ್ಲಿ ಸಮುದ್ರದ ಒಂದು ಗೆರೆ, ಪೂರ್ವಕ್ಕೆ ಆಕಾಶ ಚೆನ್ನಾಗಿದ್ರೆ ಘಟ್ಟ. ಏಪ್ರಿಲ್ ಮೇ ಬಂತು ಅಂದ್ರೆ ಈ ಟೆರೇಸ್ ನಮ್ಮದಲ್ಲ, ದೊಡ್ಡಮ್ಮಂದು. ಹಲಸಿನ ಹಪ್ಪಳ, ಸಂಡಿಗೆ, ಮೆಣಸು ಎಲ್ಲ ಚಾಪೆ ಹಾಸಿ ಅಲ್ಲೇ. ಬೆಳಿಗ್ಗೆ ಎದ್ದ ಕೂಡ್ಲೆ "ಇವತ್ತು ಹಾಕ್ಬಹುದಾ ನೋಡು ಮಗ" ಅಂತ ಕೇಳುದು ನನ್ನತ್ರ, ಯಾಕಂದ್ರೆ ನನ್ನ ಮೊಬೈಲಲ್ಲಿ ಹವಾಮಾನದ ಆಪ್ ಉಂಟಲ್ಲ.

ನಾಲ್ಕು ವರ್ಷದ ಹಿಂದೆ ಒಂದಿನ ಆಪ್ ಮೋಡ 40 ಪರ್ಸೆಂಟ್ ಅಂತ ತೋರಿಸ್ತು, ನಾನು ಧೈರ್ಯದಲ್ಲಿ ಹಾಕಿ ಅಂದೆ, ಹನ್ನೊಂದು ಗಂಟೆ ಅಷ್ಟೊತ್ತಿಗೆ ಸೂರ್ಯ ಇರುವ ಅರ್ಧಕ್ಕೆ ಸರಿಯಾಗಿ ಬೂದಿ ಬಣ್ಣದ ಮೋಡ ಬಂದು ಕೂತದ್ದು ಕೂತದ್ದೇ, ಸಂಜೆಗೆ ಹಪ್ಪಳ ಅರ್ಧ ಒಣಗಿ ಚಾಪೆಗೆ ಅಂಟಿ ಮಾರನೇ ದಿನ ಮುಗ್ಗಲು ವಾಸನೆ. ಎಂಟು ದಿನ ಬಿಟ್ಟು 90 ಪರ್ಸೆಂಟ್ ಅಂತ ಬಂತು, ಬೇಡ ಅಂದೆ, ಅವತ್ತು ದಿನವಿಡೀ ಬಿಸಿಲು ಮಾರಾಯ್ರೆ! ಪಕ್ಕದ ಮನೆಯವರ ಹಪ್ಪಳ ಗರಿಗರಿ. ದೊಡ್ಡಮ್ಮ ಎಂತ ಹೇಳ್ಲಿಲ್ಲ, ಅದೇ ಜಾಸ್ತಿ ಬೇಸರ.

ಆಮೇಲೆ ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ಶುರು ಮಾಡಿದೆ. ಬೆಳಿಗ್ಗೆ 8:30, ಮಧ್ಯಾಹ್ನ 12, ಸಂಜೆ 5:30. 8:30 ಯಾಕಂದ್ರೆ ನಮ್ಮ ಹವಾಮಾನ ಇಲಾಖೆ ಮಳೆ ಅಳೆಯುದೂ 8:30ರಿಂದ ಮಾರನೇ ದಿನ 8:30ಕ್ಕೆ, ಹೋಲಿಸ್ಲಿಕ್ಕೆ ಸುಲಭ. ಮೋಡ ಅಳೆಯುದು ಎಂಟನೇ ಒಂದು ಭಾಗದ ಲೆಕ್ಕದಲ್ಲಿ, ಅದಕ್ಕೆ ಆಕ್ಟಾ ಅಂತಾರೆ. ಎರಡು ಕೈ ಅಗಲಿಸಿ ಆಕಾಶ ನಾಲ್ಕು ತುಂಡು ಮಾಡಿ ಒಂದೊಂದನ್ನು ಮತ್ತೆ ಎರಡು ಮಾಡಿ ಎಷ್ಟು ತುಂಡಲ್ಲಿ ಮೋಡ ತುಂಬ್ತದೆ ಅಂತ ಎಣಿಸುದು. ಬಜ್ಪೆ ಏರ್‌ಪೋರ್ಟಿನ ಮೆಟಾರ್, ಅಂದ್ರೆ ವಿಮಾನದವರಿಗೆ ಕೊಡುವ ಹವಾಮಾನ ವರದಿಯಲ್ಲಿ ಫ್ಯೂ, ಸ್ಕ್ಯಾಟರ್ಡ್, ಬ್ರೋಕನ್, ಓವರ್‌ಕಾಸ್ಟ್ ಅಂತ ಬರುದೂ ಇದೇ ಎಂಟರ ಲೆಕ್ಕ: 1-2, 3-4, 5-7, 8. ಶುರುವಲ್ಲಿ ನಂದು ಯಾವಾಗ್ಲೂ ಒಂದೆರಡು ಜಾಸ್ತಿ ಬರ್ತಿತ್ತು. ಕಾರಣ ಗೊತ್ತಾಗ್ಲಿಕ್ಕೆ ತಿಂಗಳು ಹಿಡೀತು. ದೂರದಲ್ಲಿ ದಿಗಂತದ ಹತ್ತಿರ ಹತ್ತಿಯಂಥ ಮೋಡಗಳ ಬದಿ ನಮಗೆ ಕಾಣುದು, ನಡುವಿನ ಸಂದಿ ಮುಚ್ಚಿಹೋಗ್ತದೆ, ಅದಕ್ಕೆ ಅಲ್ಲಿ ತುಂಬಾ ಮೋಡ ಇದ್ದ ಹಾಗೆ ಅನಿಸ್ತದೆ. ಈಗ ತಲೆ ಮೇಲಿನ ಆಕಾಶವನ್ನೇ ಹೆಚ್ಚು ನಂಬುದು.

ಆದ್ರೆ ಎಣಿಕೆ ಸರಿಯಾದ ಮೇಲೂ ಹಪ್ಪಳದ ಲೆಕ್ಕ ತಪ್ಪುದು ತಪ್ಲಿಲ್ಲ. 8 ಆಕ್ಟಾ ಬರೆದ ದಿನವೇ ಚೆನ್ನಾಗಿ ಒಣಗಿದ್ದು ನಾಲ್ಕೈದು ಸಲ ಆಯ್ತು. ಆಗ ಎರಡನೇ ಕಾಲಂ ಹಾಕಿದೆ: ನೆರಳು. ಬಟ್ಟೆ ಒಣಗಿಸುವ ಹಗ್ಗದ ನೆರಳು ಟೆರೇಸ್ ಮೇಲೆ ಕಡಕ್ಕಾಗಿ ಬಿದ್ರೆ 'ಗಟ್ಟಿ', ಅಂಚು ಕಲಸಿದ್ರೆ 'ಮಾಸಲು', ಇಲ್ಲದಿದ್ರೆ 'ಇಲ್ಲ'. ಇಷ್ಟೇ. ನಾನೇ ಕಂಡುಹಿಡಿದದ್ದು ಅಂತ ಸ್ವಲ್ಪ ಜಂಬ ಇತ್ತು, ಓದ್ಲಿಕ್ಕೆ ಕೂತಾಗ ಇಳೀತು. ಮೋಡದ ವರ್ಗೀಕರಣದಲ್ಲೇ ಸೂರ್ಯ ಕಾಣುವಷ್ಟು ತೆಳು ಇದ್ರೆ ಟ್ರಾನ್ಸ್‌ಲುಸಿಡಸ್, ಪೂರ್ತಿ ಮುಚ್ಚಿದ್ರೆ ಓಪೇಕಸ್, ಸಂದಿಯಲ್ಲಿ ನೀಲಿ ಕಂಡ್ರೆ ಪರ್ಲುಸಿಡಸ್ ಅಂತ ಹೆಸರುಂಟು. ಅಮೆರಿಕದಲ್ಲಿ ಒಟ್ಟು ಮೋಡ ಬೇರೆ, ಬೆಳಕು ತಡೆಯುವ ಮೋಡ ಬೇರೆ ಅಂತ ಎರಡು ಲೆಕ್ಕ ಬರೆದಿಡುವ ಪದ್ಧತಿಯೇ ಇತ್ತು. ಸಿರೋಸ್ಟ್ರಾಟಸ್ ಅಂದ್ರೆ ತುಂಬಾ ಎತ್ತರದ ಐಸ್ ಹರಳಿನ ತೆಳು ಪರದೆ, ಆಕಾಶ ಪೂರ್ತಿ ಹಾಲು ಬಣ್ಣ ಆದ್ರೂ ನೆರಳು ಬೀಳ್ತದೆ, ಸೂರ್ಯನ ಸುತ್ತ 22 ಡಿಗ್ರಿಯಲ್ಲಿ ಬಳೆ ಕಟ್ತದೆ, ಕೈ ಚಾಚಿ ಹೆಬ್ಬೆಟ್ಟಲ್ಲಿ ಸೂರ್ಯನನ್ನು ಮುಚ್ಚಿ ಬೆರಳು ಬಿಡಿಸಿದ್ರೆ ಕಿರುಬೆರಳ ತುದಿಯ ಹತ್ತಿರ ಆ ಬಳೆ. ಆಲ್ಟೋಸ್ಟ್ರಾಟಸ್ ಸ್ವಲ್ಪ ಕೆಳಗೆ, ಸೂರ್ಯ ಕಂಡ್ರೂ ಬಾತ್‌ರೂಮಿನ ಮಸುಕು ಗಾಜಿನ ಆಚೆ ಬಲ್ಬ್ ಇಟ್ಟ ಹಾಗೆ, ಬಳೆ ಇಲ್ಲ ನೆರಳೂ ಇಲ್ಲ. ಬಳೆ ಕಂಡ್ರೆ ಇವತ್ತು ಹಾಕ್ಬಹುದು, ಮಸುಕು ಗಾಜು ಕಂಡ್ರೆ ಚಾಪೆ ಮಡಚಬೇಕು.

ಆಮೇಲೆ ಮನೆಗೆ 3 ಕಿಲೋವ್ಯಾಟಿನ ಸೋಲಾರ್ ಹಾಕಿಸಿದೆವು, ಅದು ಬಂದ ಮೇಲೆ ನನ್ನ ಮಾಸಲು ಗಟ್ಟಿ ಎಲ್ಲ ನಂಬರಲ್ಲಿ ಕಾಣ್ಲಿಕ್ಕೆ ಶುರುವಾಯ್ತು. ನಮ್ಮಲ್ಲಿ ಮಾರ್ಚ್ ಮಧ್ಯಾಹ್ನ ನಿಚ್ಚಳ ಇದ್ರೆ 2.3 ಕಿಲೋವ್ಯಾಟ್ ಹತ್ತಿರ, ಹಾಲು ಪರದೆ ಇದ್ರೂ 1.9ಕ್ಕಿಂತ ಕೆಳಗೆ ಇಳಿಯುದು ಕಡಿಮೆ, ಜುಲೈಯ ದಪ್ಪ ಮೋಡದಲ್ಲಿ 0.2 ಬಂದ್ರೆ ಪುಣ್ಯ. ತಮಾಷೆ ಎಂತ ಅಂದ್ರೆ ಬಿಡಿಬಿಡಿ ಹತ್ತಿ ಮೋಡ ಇದ್ದ ದಿನ ಒಂದೊಂದು ನಿಮಿಷ 2.6 ದಾಟ್ತದೆ, ಮೊದಲು ಮೀಟರ್ ಹಾಳಾಗಿದೆ ಅಂತ ಎಣಿಸಿ ಹಾಕಿದವರಿಗೆ ಫೋನ್ ಮಾಡಿದ್ದೆ. ಹಾಳಾದ್ದಲ್ಲ, ನೇರ ಬಿಸಿಲಿನ ಜೊತೆ ಮೋಡದ ಬಿಳಿ ಬದಿಯ ಬೆಳಕೂ ಸೇರಿ ಬೀಳುದು.

ಉಪಗ್ರಹದ ಚಿತ್ರ ನೋಡಿ ಮೋಸ ಹೋದದ್ದೂ ಉಂಟು. ಇನ್ಸಾಟ್ ಚಿತ್ರದಲ್ಲಿ ಕರಾವಳಿ ಮೇಲೆ ಬೆಳ್ಳಗೆ ಕಂಡಿತು ಅಂತ ಹೆದರಿದ್ದೆ, ಟೆರೇಸಲ್ಲಿ ನೋಡಿದ್ರೆ ತುಂಬಾ ಎತ್ತರದ ತೆಳು ಸಿರಸ್ ಮೋಡ ಮಾತ್ರ. ಇನ್‌ಫ್ರಾರೆಡ್ ಚಿತ್ರ ನೋಡುದು ಮೋಡದ ತಲೆ ಎಷ್ಟು ತಂಪು ಅಂತ, ತಂಪಿದ್ದದ್ದು ಬಿಳಿ. ಜೂನಿನಲ್ಲಿ ಸಮುದ್ರದಿಂದ ಬರುವ ತಗ್ಗು ಮೋಡದ ತಲೆ ಅಷ್ಟು ತಂಪಿಲ್ಲ, ಚಿತ್ರದಲ್ಲಿ ಬೂದು, ಕೆಳಗೆ ನಮಗೆ ಹಗಲೇ ಲೈಟ್ ಹಾಕ್ಬೇಕು. ಅದಕ್ಕೆ ಹಗಲಲ್ಲಿ ವಿಸಿಬಲ್, ಅಂದ್ರೆ ಕಣ್ಣಿಗೆ ಕಾಣುವ ಬೆಳಕಲ್ಲೇ ತೆಗೆದ ಚಿತ್ರವನ್ನೂ ಪಕ್ಕ ಇಟ್ಟು ನೋಡುದು ಅಭ್ಯಾಸ ಮಾಡ್ಕೊಂಡೆ.

ಮಳೆಗಾಲದಲ್ಲಿ ಹಪ್ಪಳ ಇಲ್ಲ, ಆದ್ರೂ ಪುಸ್ತಕ ನಿಲ್ಲಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ, ದಿನಾ 8, 8, 8 ಬರೆದು ಬೇಜಾರಾಗಿ ಮೂರನೇ ಕಾಲಂ ಹಾಕಿದೆ, ಎಷ್ಟು ದೂರ ಕಾಣ್ತದೆ ಅಂತ. ತೋಟದಾಚೆ ತೆಂಗಿನ ಸಾಲು 300 ಮೀಟರ್, ಮೊಬೈಲ್ ಟವರ್ 1 ಕಿಮೀ, ಸೈಂಟ್ ಮೇರೀಸ್ ದ್ವೀಪ ಮಲ್ಪೆ ತೀರದಿಂದಲೇ ಸುಮಾರು 6 ಕಿಮೀ. ಟವರ್ ಮಾಯ ಆದ್ರೆ ಅಂದ್ರೆ 1000 ಮೀಟರಿಗಿಂತ ಕಡಿಮೆ ಆದ್ರೆ ಅದು ಮಂಜು, ಅದಕ್ಕಿಂತ ಜಾಸ್ತಿ ಕಂಡ್ರೆ ಬರೀ ಇಬ್ಬನಿ ಮಬ್ಬು. ನನಗೆ ಆಶ್ಚರ್ಯ ಆದದ್ದು, ದಪ್ಪ ಹನಿಯ ಧೋ ಮಳೆಯಲ್ಲೂ ಟವರ್ ಎಷ್ಟೋ ಸಲ ಕಾಣ್ತದೆ, ಸಣ್ಣ ಜಿಟಿಜಿಟಿಯಲ್ಲಿ ಕಾಣುದಿಲ್ಲ. ನೀರು ಎಷ್ಟು ಅನ್ನುದಕ್ಕಿಂತ ಅದು ಎಷ್ಟು ಪುಡಿ ಆಗಿದೆ ಅನ್ನುದು ಮುಖ್ಯ. 1 ಮಿಮೀ ಅಗಲದ ಒಂದು ಹನಿಯನ್ನು ಮೋಡದ ಹನಿಯಷ್ಟು ಸಣ್ಣ, 0.01 ಮಿಮೀ ಮಾಡಿದ್ರೆ 10 ಲಕ್ಷ ಹನಿ ಆಗ್ತದೆ, ಬೆಳಕಿಗೆ ಅಡ್ಡ ಬರುವ ವಿಸ್ತೀರ್ಣ ಒಟ್ಟು 100 ಪಟ್ಟು. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗ ಎದುರಿನ ಬಸ್ಸಿನ ಹೆಡ್‌ಲೈಟ್ ಮಾತ್ರ ಕಾಣುದು ಇದಕ್ಕೇ, ಮಂಜು ಅನ್ನುದು ನಾವು, ಆದ್ರೆ ಅದು ಮೋಡವೇ, ಅದರ ಒಳಗೇ ನಾವು. ಅವತ್ತು ಪುಸ್ತಕದಲ್ಲಿ ಮೊದಲ ಸಲ 9 ಬರೆದೆ, ಆಕಾಶವೇ ಕಾಣದಿದ್ರೆ ಹವಾಮಾನದವರ ಅಂಕೆ ಅದು. ಎಂಟರಲ್ಲಿ ಒಂಬತ್ತು ಹೇಗೆ ಅಂತ ಭಾವ ಇನ್ನೂ ಕೀಟಲೆ ಮಾಡ್ತಾರೆ.

ಐಸ್ ವಿಷಯ ನಮ್ಮ ತೀರದಲ್ಲಿ ಬರೀಲಿಕ್ಕೆ ಸಿಗುದೇ ಅಪರೂಪ. ನೀರು ಹೆಪ್ಪುಗಟ್ಟುವ ಮಟ್ಟ ಇಲ್ಲಿ ಸುಮಾರು 5 ಕಿಮೀ ಮೇಲೆ, ಬರುವ ದಾರಿಯಲ್ಲೇ ಕರಗಿ ಮಳೆ ಆಗ್ತದೆ. ನಂಗೆ ಸಿಕ್ಕಿದ್ದು ಹೆಬ್ರಿ ಕಡೆ ಮಾವನ ಮನೆಯಲ್ಲಿ, ಏಪ್ರಿಲ್ ಕೊನೆಗೆ, ಸಂಜೆ ನಾಲ್ಕೂವರೆಗೆ ಕಪ್ಪು ಕಟ್ಟಿ ಗಾಳಿ ಬೀಸಿ ಶೀಟಿನ ಮೇಲೆ ಕಲ್ಲು ಬಿಸಾಡಿದ ಹಾಗೆ ಆಲಿಕಲ್ಲು. ಎಲ್ಲರೂ ಅಂಗಳದ ಅಡಿಕೆ ಒಳಗೆ ಎಳೆಯುವಾಗ ನಾನು ತಲೆ ಮೇಲೆ ಹಾಳೆ ಹಿಡ್ಕೊಂಡು ಸ್ಟೀಲ್ ಬಟ್ಟಲಲ್ಲಿ ಆಲಿಕಲ್ಲು ಹೆಕ್ಕುದು, ಅತ್ತೆ ನೋಡಿದ ನೋಟ ಬೇಡ. ಫ್ರೀಜರಲ್ಲಿ ಬಂಗುಡೆ ಪಕ್ಕ ಇಟ್ಟು, ಐದು ನಿಮಿಷ ಬಿಟ್ಟು ಚಾಕು ಬಿಸಿ ಮಾಡಿ ಕೊಯ್ದೆ, ಹಿಂದಿನಿಂದ ಮೊಬೈಲ್ ಟಾರ್ಚ್. ನಡುವಲ್ಲಿ ಸುಣ್ಣದ ಹಾಗೆ ಬಿಳಿ ಗುಂಡು, ಸುತ್ತ ಗಾಜು, ಒಂದರಲ್ಲಿ ಅದರ ಮೇಲೆ ಮತ್ತೆ ತೆಳು ಬಿಳಿ. ತುಂಬಾ ತಂಪಿನಲ್ಲಿ ಹನಿ ತಾಗಿದ ಕೂಡ್ಲೆ ಹೆಪ್ಪುಗಟ್ಟಿದ್ರೆ ಗಾಳಿ ಒಳಗೆ ಸಿಕ್ಕಿಬೀಳ್ತದೆ, ಬಿಳಿ. ನೀರು ಜಾಸ್ತಿ ತಾಗಿ ನಿಧಾನ ಗಟ್ಟಿಯಾದ್ರೆ ಗಾಳಿಗೆ ಹೊರಗೆ ಹೋಗ್ಲಿಕ್ಕೆ ಟೈಮ್ ಸಿಗ್ತದೆ, ಗಾಜು. ಮಲ್ಪೆ ಬಂದರಿನ ಐಸ್ ಪ್ಲಾಂಟಿನ ದೊಡ್ಡ ಬ್ಲಾಕ್ ನೋಡಿದವರಿಗೆ ಗೊತ್ತಿರ್ತದೆ, ಅದಕ್ಕೂ ನಡುವಲ್ಲಿ ಬಿಳಿ ತಿರುಳು, ಆದ್ರೆ ಅಲ್ಲಿ ಕತೆ ಉಲ್ಟಾ, ಹೊರಗಿನಿಂದ ಗಟ್ಟಿಯಾಗ್ತಾ ಬಂದು ಗಾಳಿ ಎಲ್ಲ ಕೊನೆಗೆ ನಡುವಿಗೆ ತಳ್ಳಿಸ್ಕೊಳ್ತದೆ. ಅದೇ ಬ್ಲಾಕನ್ನು ಪುಡಿ ಮಾಡಿ ಬೋಟಿಗೆ ತುಂಬುವಾಗ ಗಾಜಿನಂಥ ಭಾಗವೂ ಬೆಳ್ಳಗೆ, ಹಿಮ ಬಿಳಿ ಕಾಣುದೂ ಹಾಗೇ.

ದೊಡ್ಡದು ಒಂದು ಇಟ್ಟಿದ್ದೆ, ನಿಂಬೆಹಣ್ಣಿಗಿಂತ ಸ್ವಲ್ಪ ಸಣ್ಣದು, ಬೆಳಿಗ್ಗೆ ಹಗಲು ಬೆಳಕಲ್ಲಿ ಕೊಯ್ದು ಫೋಟೋ ತೆಗೀಬೇಕು ಅಂತ. ಗುಡುಗಿಗೆ ಹೋದ ಕರೆಂಟ್ ಮಾರನೇ ದಿನ ಮಧ್ಯಾಹ್ನದವರೆಗೂ ಬರ್ಲೇ ಇಲ್ಲ. ಆ ದಿನದ ಸಾಲಲ್ಲಿ ಈಗ್ಲೂ ಹೀಗೆ ಉಂಟು: 5:30, ಮೋಡ 8, ನೆರಳು ಇಲ್ಲ, ಆಲಿಕಲ್ಲು ಒಳಗೆ ಬಿಳಿ ಹೊರಗೆ ಗಾಜು, ದೊಡ್ಡದು ನೀರು.