ಒಬ್ಬರದು ಖರ್ಚಿನ ಕೈ, ಇನ್ನೊಬ್ಬರದು ಬಿಗಿ ಕೈ: ಮನೆ ಲೆಕ್ಕ ಕೂರಿಸೋದು ಹೇಗೆ?

ಬಹಳ ಮನೆಗಳಲ್ಲಿ ಇದೇ ಕಥೆ. ಸಂಬಳ ಬಂದ ವಾರ ಆನ್‌ಲೈನಲ್ಲಿ ಏನಾದರೂ ತರಿಸದಿದ್ದರೆ ಒಬ್ಬರಿಗೆ ಸಮಾಧಾನ ಇಲ್ಲ, ಇನ್ನೊಬ್ಬರು ಹತ್ತು ರೂಪಾಯಿಗೂ ಆಟೋದವರ ಜೊತೆ ಚೌಕಾಸಿ ಮಾಡುತ್ತಾರೆ. ಗುಣ ತಿದ್ದೋಕೆ ಹೋಗಬೇಡಿ, ಅದು ಆಗೋ ಮಾತಲ್ಲ. ದುಡ್ಡು ಎಲ್ಲಿಂದ ಎಲ್ಲಿಗೆ ಹೋಗಬೇಕು ಅನ್ನೋದನ್ನ ಮೊದಲೇ ಗೊತ್ತು ಮಾಡಿಕೊಳ್ಳಿ.

ಒಂದು ಭಾನುವಾರ ತಿಂಡಿ ಆದಮೇಲೆ ಇಬ್ಬರೂ ಕೂತು ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಹಿಸ್ಟರಿ ನೋಡಿ. ಊರಿಗೆ ಕಳಿಸುವ ದುಡ್ಡು, ಚೀಟಿ ಕಂತು, ಯಾರಿಗೋ ಕೊಟ್ಟ ಕೈಸಾಲ, ಎಲ್ಲಾ ಹೊರಗೆ ಬರಲಿ. "ಇದನ್ನ ಯಾಕೆ ತಗೊಂಡೆ?" ಅನ್ನೋ ಪ್ರಶ್ನೆ ಮಾತ್ರ ಅವತ್ತು ಬೇಡ, ಕೇಳಿದರೆ ಮುಂದಿನ ಸಲ ಅರ್ಧ ಲೆಕ್ಕ ಮುಚ್ಚಿಟ್ಟೇ ಬರುತ್ತದೆ.

ಮನೆ ಖರ್ಚಿಗೆ ಒಂದು ಜಂಟಿ ಖಾತೆ ತೆರೆಯಿರಿ. ಇಬ್ಬರಲ್ಲಿ ಯಾರು ಬೇಕಾದರೂ ವ್ಯವಹಾರ ಮಾಡಬಹುದಾದ 'ಐದರ್ ಆರ್ ಸರ್ವೈವರ್' ಇರಲಿ. ಇಬ್ಬರೂ ದುಡಿಯುತ್ತಿದ್ದರೆ ಸಮಸಮ ಹಾಕೋದು ನ್ಯಾಯ ಅನಿಸಬಹುದು, ಆದರೆ ಕಡಿಮೆ ಸಂಬಳದವರ ಕೈ ಖಾಲಿಯಾಗುತ್ತೆ. ಒಬ್ಬರಿಗೆ 60,000, ಇನ್ನೊಬ್ಬರಿಗೆ 40,000 ಬರುತ್ತಾ? ಮನೆ ಖರ್ಚು 50,000 ಆದರೆ 30,000 ಮತ್ತು 20,000 ಹಾಕಿ. ಒಬ್ಬರೇ ದುಡಿಯುವ ಮನೆಯಲ್ಲೂ ಈ ಖಾತೆಯಲ್ಲಿ ಇಬ್ಬರ ಹೆಸರೂ ಇರಲೇಬೇಕು.

ಉಳಿತಾಯ ತಿಂಗಳ ಕೊನೆಗಲ್ಲ, ಮೊದಲಿಗೆ. ಆರ್‌ಡಿ (ಬ್ಯಾಂಕಲ್ಲಿ ತಿಂಗಳ ಕಂತಿನ ಠೇವಣಿ) ಇರಲಿ, ಎಸ್‌ಐಪಿ (ಮ್ಯೂಚುವಲ್ ಫಂಡ್‌ಗೆ ಕಂತಿನಲ್ಲಿ ಹಾಕೋ ದುಡ್ಡು) ಇರಲಿ, ಸಂಬಳ ಬಂದ ಮರುದಿನವೇ ತಾನಾಗಿ ಕಟ್ ಆಗುವಂತೆ ಹಾಕಿ. ಪಿಪಿಎಫ್, ಅಂದರೆ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ, ತೆರೆದರೆ 15 ವರ್ಷದ ಮಾತು, ವರ್ಷಕ್ಕೆ 500ರಿಂದ ಒಂದೂವರೆ ಲಕ್ಷದವರೆಗೆ ಹಾಕಬಹುದು. ಮಧ್ಯೆ ತೆಗೆಯೋದು ಕಷ್ಟ, ಖರ್ಚಿನ ಕೈಯವರಿಗೆ ಅದೇ ಒಳ್ಳೇದು ಬಿಡಿ.

ಜಾಸ್ತಿ ಜಗಳ ಆಗೋದು ತಿಂಗಳ ಖರ್ಚಿಗಲ್ಲ, ವರ್ಷಕ್ಕೊಮ್ಮೆ ಬರುವ ಖರ್ಚಿಗೆ. ಜೂನ್ ಹೊತ್ತಿಗೆ ಸ್ಕೂಲ್ ಫೀಸು, ಹಿಂದೆಯೇ ವರಮಹಾಲಕ್ಷ್ಮಿಗೆ ಸೀರೆ, ಗೌರಿ-ಗಣೇಶಕ್ಕೆ ತವರಿನ ಓಡಾಟ, ಮಧ್ಯೆ ನಾಲ್ಕು ಮದುವೆಗೆ ಮುಯ್ಯಿ. ಎಲ್ಲಾ ಗೊತ್ತಿದ್ದೇ ಬರುವಂಥವು, ಆದರೂ ಪ್ರತಿ ವರ್ಷ "ಈ ತಿಂಗಳು ಯಾಕೋ ದುಡ್ಡೇ ನಿಲ್ಲಲಿಲ್ಲ" ಅಂತೀವಿ ಅಲ್ವಾ? ಬರೆದು ಕೂಡಿಸಿ. ಫೀಸು 60,000, ವಿಮೆ ಕಂತು 24,000, ಹಬ್ಬ-ಬಟ್ಟೆ 20,000, ಮುಯ್ಯಿ 10,000, ಗಾಡಿ ಇನ್ಶೂರೆನ್ಸ್ ಮತ್ತು ಸರ್ವೀಸ್ 6,000 ಅಂದರೆ 1,20,000 ಆಯ್ತು. ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 10,000 ಬೇರೆ ಖಾತೆಗೆ ಹಾಕಿ, ಆ ಖಾತೆಯನ್ನ ಯುಪಿಐಗೆ ಜೋಡಿಸಲೇಬೇಡಿ.

ಇನ್ನು ಕೈಖರ್ಚು. ಇಬ್ಬರಿಗೂ ಒಂದೇ ಮೊತ್ತ, ಎರಡು ಸಾವಿರವೋ ಮೂರು ಸಾವಿರವೋ, ಅದಕ್ಕೆ ಲೆಕ್ಕ ಕೇಳೋ ಹಾಗಿಲ್ಲ. ಮನೆ ನೋಡಿಕೊಳ್ಳುವವರಿಗೂ ಅಷ್ಟೇ ಸಿಗಬೇಕು. ಬಿಗಿ ಕೈಯವರು ಅದನ್ನೂ ಕೂಡಿಡುತ್ತಾರೆ, ಇಡಲಿ. ಐದು ಸಾವಿರ ದಾಟಿದ ಯಾವುದೇ ವಸ್ತುವನ್ನ ಮಾತ್ರ ಇಬ್ಬರೂ ಒಪ್ಪಿ, ಎರಡು ದಿನ ಬಿಟ್ಟು ತಗೊಳ್ಳಿ.

ಕ್ರೆಡಿಟ್ ಕಾರ್ಡಲ್ಲಿ 'ಮಿನಿಮಮ್ ಡ್ಯೂ' (ಬಿಲ್ಲಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಮಾತ್ರ ಕಟ್ಟಿ ಬಾಕಿ ಎಳೆಯುತ್ತಿದ್ದರೆ ಮೊದಲು ಅದನ್ನ ತೀರಿಸಿ. ಎಷ್ಟೋ ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೇ ಶೇ 3 ದಾಟುತ್ತೆ. ಅತ್ತ ಆ ಬಾಕಿ ಬೆಳೆಯುವಾಗ ಇತ್ತ ಎಫ್‌ಡಿ ಇಟ್ಟುಕೊಂಡು ಉಳಿತಾಯ ಮಾಡ್ತಿದ್ದೀವಿ ಅಂದುಕೊಳ್ಳೋದು ಸುಮ್ನೆ ಸಮಾಧಾನ. ಕಾರ್ಡಿನ ಬಾಕಿ ಮುಚ್ಚಿದ ಮೇಲೆ ಮೂರು ತಿಂಗಳ ಮನೆ ಖರ್ಚಿನಷ್ಟು ಬೇರೆ ಎತ್ತಿಡಿ, ಕೆಲಸ ಹೋದರೆ, ಆಸ್ಪತ್ರೆ ಸೇರಿದರೆ ಬೇಕಾಗುತ್ತೆ.

ಹಾಗೇ ಮದುವೆಗೆ ಮುಂಚೆ ತೆರೆದ ಖಾತೆಗಳಲ್ಲಿ ನಾಮಿನಿ ಯಾರ ಹೆಸರಿದೆ ನೋಡಿ. 2025ರ ನವೆಂಬರ್‌ನಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೂ ನಾಮಿನಿ ಮಾಡಬಹುದು, ಹಾಗಾಗಿ ಅಮ್ಮನ ಹೆಸರು ತೆಗೆಯದೇ ಹೆಂಡತಿಯ ಹೆಸರನ್ನೂ ಸೇರಿಸಬಹುದು.